ಸಂಗಪ್ಪ ಕಾಕಾ ಹಚ್ಚಿದ ವಿಭೂತಿ

2023ರ ಜುಲೈ 10, ಸೋಮವಾರ, ಬೆಳಗ್ಗೆ ಒಂಬತ್ತೂವರೆ. ಗಡಿಯಾಚೆ ಮಹಾರಾಷ್ಟ್ರದ ಉಮರ್ಗಾದ ಸರ್ಕಾರಿ ಆಸ್ಪತ್ರೆಗೆ ನಾನು ಫಿಸಿಯೋಥೆರಪಿಸ್ಟ್ ಆಗಿ ಸೇರಿ ಎರಡು ತಿಂಗಳಾಗಿತ್ತು. ಗಂಡಸರ ವಾರ್ಡಿನ ಕೊನೆಯ ಹಾಸಿಗೆಗೆ ಒಬ್ಬ ಮುದುಕನನ್ನು ತಂದಿದ್ದರು. ಯೆಣೆಗೂರ ಹತ್ತಿರ ಹೆದ್ದಾರಿಯ ಢಾಬಾ ಮುಂದೆ ಬಿದ್ದಿದ್ದನಂತೆ. ಲಕ್ವಾ ಹೊಡೆದು ಬಲಗೈ, ಬಲಗಾಲು ಹೋಗಿದ್ದವು, ಬಾಯಿ ಓರೆಯಾಗಿತ್ತು. ಮಾತೂ ಇರಲಿಲ್ಲ. ಇದಕ್ಕೆ ಅಫೇಸಿಯಾ ಎನ್ನುತ್ತಾರೆ: ಮನಸ್ಸಿನಲ್ಲಿರುವ ಮಾತು ನಾಲಿಗೆಗೆ ಬರುವುದಿಲ್ಲ. ಹೆಸರಿಲ್ಲ, ಊರಿಲ್ಲ. ಮೈಮೇಲೆ ಎಲ್ಲರೂ ಉಡುವಂಥ ಧೋತರ, ಅಂಗಿ.

ನಾನು ಹೋಗುವಷ್ಟರಲ್ಲಿ ಸಂಗಪ್ಪ ಕಾಕಾ ಅವನ ಗಡ್ಡ ಮೀಸೆ ಬೋಳಿಸಿ, ಮುಖ ತೊಳೆದು, ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದರು.

ಸಂಗಪ್ಪ ಕಾಕಾ ಅಂದರೆ ಪೇಟೆಯ ಬಟ್ಟೆ ವ್ಯಾಪಾರಿ. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಅಂಗಡಿ ತೆರೆಯುವ ಮೊದಲು ದಿನಾ ಆಸ್ಪತ್ರೆಗೆ ಬಂದು, ನೋಡುವವರಿಲ್ಲದ ರೋಗಿಗಳಿಗೆ ಬಿಸಿನೀರು ತರುವುದು, ಬಟ್ಟೆ ಬದಲಿಸುವುದು, ಮರಾಠಿ ಬಾರದವರ ಮಾತನ್ನು ಡಾಕ್ಟರಿಗೆ ತಿಳಿಸುವುದು ಅವರ ಕೆಲಸ. ಯಾರೂ ಹೇಳಿ ಮಾಡಿಸಿದ್ದಲ್ಲ.

"ಬೋಳು ಹಣಿ ನೋಡಬಾರದ್ರೀ ಡಾಕ್ಟರ್‌ಬಾಯಿ," ಅಂದರು ನನ್ನ ಕಡೆ ತಿರುಗಿ. ಆಮೇಲೆ ಪೊಲೀಸರು ಬಂದು ಫೋಟೋ ತೆಗೆದರು. ಕಾಕಾ ಅದನ್ನು ನಿಲಂಗಾ, ಉದಗೀರದ ಪರಿಚಯದ ವ್ಯಾಪಾರಿಗಳಿಗೆಲ್ಲ ಫೋನಿನಲ್ಲಿ ಕಳಿಸಿದರು. ಅವರು ಮಠಗಳಲ್ಲಿ ತೋರಿಸಿದರು. ಯಾರೂ ಬರಲಿಲ್ಲ.

ಆಗಸ್ಟ್ ಮುಗಿಯುವುದರೊಳಗೆ ಮನೆಯವರು ಸಿಗದಿದ್ದರೆ ಅವನನ್ನು ದೂರದ ಜಿಲ್ಲೆಯ ನಿರಾಶ್ರಿತರ ಕೇಂದ್ರಕ್ಕೆ ಕಳಿಸುವುದು ಎಂದು ಆಸ್ಪತ್ರೆಯವರು ತೀರ್ಮಾನಿಸಿದರು. ಕನ್ನಡದಲ್ಲಿ ಮಾತಾಡಿಸಿದರಷ್ಟೇ ಅವನು ತಿರುಗಿ ನೋಡುತ್ತಿದ್ದ; ಅಲ್ಲಿ ಕನ್ನಡ ತಿಳಿಯುವವರು ಯಾರೂ ಇರಲಿಲ್ಲ.

ಕಾಕಾ ಅವನಿಗೆ ಸಿದ್ರಾಮಪ್ಪ ಎಂದು ತಾವೇ ಹೆಸರಿಟ್ಟರು. ನಾನು ಕೈಕಾಲಿನ ವ್ಯಾಯಾಮ ಮಾಡಿಸುತ್ತಿದ್ದರೆ ಅವರು ಪಕ್ಕದ ಸ್ಟೂಲಿನಲ್ಲಿ ಕೂತು ಪೇಟೆಯ ಸುದ್ದಿಯೆಲ್ಲ ಹೇಳುತ್ತಿದ್ದರು.

"ನನ್ನ ಮಾತಿಗಿ ಅಡ್ಡ ಮಾತಾಡದ ಗಿರಾಕಿ ಉಮರ್ಗ್ಯಾಗ ನೀ ಒಬ್ಬನೇ ನೋಡು, ಸಿದ್ರಾಮಪ್ಪ."

"ಕಾಕಾ, ಅಂಗಡೀನೂ ಇಲ್ಲೇ ತಗೀರಿ," ಎಂದು ಸಿಸ್ಟರ್ ಕೆಣಕುತ್ತಿದ್ದರು. "ಊದಬತ್ತಿ ಹಚ್ಚಲಿಕ್ಕಿ ಮಾತ್ರ ಬಿಡಲ್ಲ."

ನಗು ಮುಗಿದ ಮೇಲೂ ಕಾಕಾ ಏಳುತ್ತಿರಲಿಲ್ಲ. ಬರಬರುತ್ತ ಅವರ ಅಂಗಡಿಯ ಬಾಗಿಲು ತಡವಾಗಿ ತೆರೆಯತೊಡಗಿತು. ಮನೆಯಲ್ಲಿ ಅವರೊಡನೆ ಮಾತಾಡುವವರಿರಲಿಲ್ಲ. ಇಲ್ಲಿ ಕೇಳುವವನಾದರೂ ಇದ್ದ.

ಒಂದು ಸಂಗತಿಯನ್ನು ನಾನು ದಿನಚರಿಯಲ್ಲಿ ಬರೆಯುತ್ತಲೇ ಬಂದಿದ್ದೆ. ವಿಭೂತಿ ಹಚ್ಚಿದ ಸ್ವಲ್ಪ ಹೊತ್ತಿಗೆ ಮುದುಕನ ಎಡಗೈ ಮೇಲೆದ್ದು ಹಣೆಯನ್ನು ಒರೆಸಿಬಿಡುತ್ತಿತ್ತು. 'ಎಡಗೈ ಚಲನೆ ಚೆನ್ನಾಗಿದೆ' ಎಂದು ನಾನು ಬರೆದಿದ್ದೆ. ಕಾಕಾ, "ಬೆವರ್ಯಾನ, ಪಾಪ" ಅಂದು ಮತ್ತೆ ಹಚ್ಚುತ್ತಿದ್ದರು.

ಆಗಸ್ಟ್ 20, ಭಾನುವಾರ. ಪಕ್ಕದ ಹಾಸಿಗೆಗೆ ಕುರಿ ಕಾಯುವ ಮನೆತನದ ಹುಡುಗನೊಬ್ಬ ಬಂದಿದ್ದ. ಅವನ ತಾಯಿ ಸೆರಗಿನ ಗಂಟು ಬಿಚ್ಚಿ, ಬೀರಪ್ಪ ದೇವರ ಭಂಡಾರ, ಅಂದರೆ ಅರಿಸಿನ ಪುಡಿ, ಮಗನ ಹಣೆಗೆ ಹಚ್ಚಿದಳು. ಮುದುಕ ಅದನ್ನು ನೋಡಿ ಎಡ ಅಂಗೈ ಚಾಚಿದ. ಆಕೆ ಹಿಂದೆ ಮುಂದೆ ನೋಡದೆ ಒಂದು ಚಿಟಿಕೆ ಇಟ್ಟಳು. ಅವನು ಅದನ್ನು ಹಣೆಗೆ ಒತ್ತಿಕೊಂಡು, ಬೆರಳನ್ನು ನಾಲಿಗೆಗೆ ಮುಟ್ಟಿಸಿ ಕಣ್ಣು ಮುಚ್ಚಿದ. ಈ ಸಲ ಒರೆಸಿಕೊಳ್ಳಲಿಲ್ಲ.

ಕಾಕಾ ಕೈಯಲ್ಲಿ ವಿಭೂತಿಯ ಗಟ್ಟಿ ಹಿಡಿದುಕೊಂಡು ನಿಂತಿದ್ದರು.

"ಅಂವಾ ದಿನಾ ಹೇಳ್ಯಾನ್ರೀ, ಡಾಕ್ಟರ್‌ಬಾಯಿ," ಅಂದರು. "ನಾ ಕೇಳಿಲ್ಲ. ಅವನ ಮಾರಿ ಮ್ಯಾಲ ನನ್ನ ದೇವ್ರನ್ನ ಬರದು ಊರಿಗೆಲ್ಲ ತೋರ್ಸೀನಿ. ಅವನ ಮಂದಿ ಹ್ಯಾಂಗ ಗುರ್ತ ಹಿಡೀಬೇಕು?"

ಭಂಡಾರದ ಹಣೆಯ ಹೊಸ ಫೋಟೋ ತೆಗೆದುಕೊಂಡು ಮರುದಿನ ಅಂಗಡಿ ಮುಚ್ಚಿ ಹೊರಟರು. ಯೆಣೆಗೂರ, ನಿಲಂಗಾ, ದೇವಣಿ, ಹೀಗೆ ಸರ್ಕಾರಿ ಎಸ್‌ಟಿ ಬಸ್ಸಿನಲ್ಲಿ ಹೋಗಿ ಬೀರಪ್ಪನ ಗುಡಿ ಇದ್ದಲ್ಲೆಲ್ಲ ಇಳಿದು ತೋರಿಸಿದರು. "ಇವನ ಮಂದಿ ಸಿಕ್ಕರ ಹೋಗ್ತಾನ," ಎಂದು ಹೊರಡುವಾಗ ಒಮ್ಮೆ ಅಂದಿದ್ದರು.

ಆ ವಾರದ ಶುಕ್ರವಾರ ಶಿರೂರ ಅನಂತಪಾಳ ಕಡೆಯಿಂದ ಮಾಳಪ್ಪ ಎಂಬುವನು ಕಾಕಾರ ಜೊತೆಗೇ ಬಂದ. ಮುದುಕ ಅವನ ತಂದೆ, ಹೆಸರು ಬೀರಣ್ಣ. ಮಗಳ ಮನೆಗೆಂದು ಹೊರಟವನು ಅಲ್ಲಿಯೇ ಇದ್ದಾನೆಂದು ಮನೆಯವರು ಬಹಳ ದಿನ ತಿಳಿದಿದ್ದರಂತೆ.

"ಮೊದಲಿನ ಫೋಟೋನೂ ನೋಡಿದ್ದೆವ್ರೀ ಬಾಜಾರದಾಗ," ಅಂದ ಮಾಳಪ್ಪ. "ಮೀಸಿ ಇಲ್ಲ, ಬಾಯಿ ಓರೆ, ಹಣಿ ಮ್ಯಾಲ ಇಬತ್ತಿ. ಯಾರೋ ಮಠದ ಅಯ್ಯಗೋಳು ಅಂತ ಬಿಟ್ಟಿವಿ."

ಕಾಕಾ ತಲೆ ತಗ್ಗಿಸಿದರು. ಬೀರಣ್ಣ ಹೋಗುವಾಗ ಹೊಸ ಧೋತರ ಉಡಿಸಿ, ಜೀಪಿನವರೆಗೂ ಬಂದರು. ಹಣೆಗೆ ಮಾತ್ರ ಕೈ ಹಚ್ಚಲಿಲ್ಲ. ಮರುದಿನ ಬೆಳಗ್ಗೆ ಅವರು ಖಾಲಿ ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಸುಮ್ಮನೆ ಕೂತಿದ್ದುದನ್ನು ಕಂಡೆ.

ಮುಂದಿನ ಜನವರಿಯಲ್ಲಿ ಸಂಗಪ್ಪ ಕಾಕಾ ಅಂಗಡಿಯಲ್ಲೇ ಎದೆನೋವು ಬಂದು ತೀರಿಕೊಂಡರು. ಆಸ್ಪತ್ರೆಯ ಕಾಗದದಲ್ಲಿ ಹತ್ತಿರದ ಬಂಧುವಿನ ಹೆಸರು ಬೇಕಿತ್ತು. ಪೇಟೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ; ಹೆಂಡತಿಯ ಕಡೆಯವರೂ ಉಳಿದಿರಲಿಲ್ಲ. ಹುಡುಗನಾಗಿದ್ದಾಗ ಒಬ್ಬರೇ ಬಂದವರು. ಊರು ಕೇಳಿದರೆ "ಉದಗೀರ ಕಡಿ" ಎನ್ನುತ್ತಿದ್ದರು, ಅಷ್ಟೇ.

ಹೂಳುವ ಮೊದಲು ಪೇಟೆಯವರು ಲಿಂಗಾಯತ ಪದ್ಧತಿಯಂತೆ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಮಾಳಪ್ಪ ಬಂದಿದ್ದ. ಅಪ್ಪ ಕೊಟ್ಟು ಕಳಿಸಿದ ಭಂಡಾರದ ಪುಟ್ಟ ಗಂಟು ಅವನ ಕೈಯಲ್ಲಿತ್ತು. ಹತ್ತಿರ ಹೋಗಿ ನಿಂತ, ನನ್ನ ಕಡೆ ತಿರುಗಿದ.

"ಹಣಿ ಮ್ಯಾಲ ಇವರ ಇಬತ್ತಿ ಅದ. ಇವರ ಮಂದೀಗಿ ಕೇಳದೆ ಹ್ಯಾಂಗ ಹಚ್ಚಲಿ, ಡಾಕ್ಟರ್‌ಬಾಯಿ? ಇವರ ಮಂದಿ ಯಾರು ಬಂದಾರ?"

ಹೌದೆನ್ನಲು, ಬೇಡವೆನ್ನಲು ಅಲ್ಲಿ ಯಾರೂ ಇರಲಿಲ್ಲ. ಅವನು ಗಂಟನ್ನು ಬಿಚ್ಚದೆ ಮತ್ತೆ ಜೇಬಿಗೆ ಇಟ್ಟುಕೊಂಡ.

ರೋಗಿ ಏನು ಬೇಡವೆನ್ನುತ್ತಾನೆ ಎಂಬುದನ್ನೂ ಓದಬೇಕೆಂದು ಈ ಕೆಲಸ ನನಗೆ ಕಲಿಸಿದೆ. ಮಾತಿಲ್ಲದವರ ಕೈ ಎಲ್ಲಿಗೆ ಹೋಗುತ್ತದೆ ಎಂದು ಈಗ ಮೊದಲು ನೋಡುತ್ತೇನೆ. ಆದರೆ ಸಂಗಪ್ಪ ಕಾಕಾಗೆ ಮಾತಿತ್ತು. ದಿನಾ ಅವರ ಸ್ಟೂಲಿನ ಪಕ್ಕವೇ ನಿಂತಿದ್ದರೂ, ನಿಮ್ಮವರು ಯಾರು ಎಂದು ನಾವು ಅವರನ್ನು ಕೂರಿಸಿ ಕೇಳಲಿಲ್ಲ.

ಉದಗೀರದ ಸುತ್ತಮುತ್ತಲಿನ ಯಾವುದಾದರೂ ಮನೆಯಿಂದ ಬಹಳ ಹಿಂದೆ ಸಂಗಪ್ಪ ಎಂಬ ಹುಡುಗ ಹೊರಟುಹೋಗಿದ್ದರೆ, ಆ ಮನೆಯನ್ನು ಬಲ್ಲವರು ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಮಾಳಪ್ಪ ಆ ಗಂಟನ್ನು ಇನ್ನೂ ಇಟ್ಟುಕೊಂಡಿದ್ದಾನೆ.