ನಮ್ಮ ರಾಕ್ ಬ್ಯಾಂಡಿನ ಡ್ರಮ್ಮರ್

ಎದೆನೋವಿನಿಂದ ತೀರಿಕೊಳ್ಳುವ ಹಿಂದಿನ ದಿನವೂ ನಮ್ಮ ಡ್ರಮ್ಮರ್ ಮಾಮಾ ಬಸವಕಲ್ಯಾಣಕ್ಕೆ ನಮ್ಮ ರಾಕ್ ಬ್ಯಾಂಡಿನ ತಾಲೀಮಿಗೆ ಎಂದಿನಂತೆ ಬಂದಿದ್ದರು. ನಾನು ಹಾಡುತ್ತಿದ್ದೆ. ಮೇಲಿನ ಸ್ವರಕ್ಕೆ ಏರುವ ಮುನ್ನ ನನಗೆ ಉಸಿರು ಸಾಲದಾದಾಗ ಅವರು ಡ್ರಮ್ಮಿನ ಮೇಲೆ ಕೈ ಹಗುರ ಮಾಡಿ ಕಾದರು.

"ಯಾಕ ಮಾಮಾ, ಕೈ ಸೋತ್ವೇನ್ರಿ?" ಎಂದು ಗಿಟಾರಿನವನು ಕೆಣಕಿದ.

"ತಂಗಿ ಉಸರ ತಗೋಳಾಕತ್ತಾಳ. ಮೊದಲ ಕೇಳೋ, ಆಮ್ಯಾಲ ಬಾರಿಸು."

ಈ ಮಾತನ್ನು ಅವರು ಎಲ್ಲರಿಗೂ ಹೇಳುತ್ತಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಹುಡಗಿ ಎಂಬ ಗ್ರಾಮದಲ್ಲಿ ಹಲಗೆ ವಾದ್ಯ ಬಾರಿಸಿ ಬೆಳೆದವರು ಅವರು. ಹುಮನಾಬಾದಿನ ನಮ್ಮ ಮೊದಲ ಕಾರ್ಯಕ್ರಮದ ದಿನ, ಹಲಗೆಯ ಚರ್ಮ ಕಾಯಿಸುವ ರೂಢಿಯಲ್ಲಿ ಸಣ್ಣ ಡ್ರಮ್ಮನ್ನೂ ಬೆಂಕಿಗೆ ಹಿಡಿದರು. ಪ್ಲಾಸ್ಟಿಕ್ ಹೊದಿಕೆ ಸುಕ್ಕುಗಟ್ಟಿತು. ಎಲ್ಲರಿಗಿಂತ ಜೋರಾಗಿ ಅವರೇ ನಕ್ಕರು. ಆ ಸಂಜೆಯೆಲ್ಲ ಅದರ ಅಂಚಿನ ಮೇಲೆ ಮೆಲ್ಲಗೆ ಬಡಿಯುತ್ತ, ಕಾಲಿನಿಂದ ದೊಡ್ಡ ಡ್ರಮ್ ನುಡಿಸುತ್ತ ತಾಳ ಹಿಡಿದರು. ನನ್ನ ಒಂದು ಪದವೂ ಸದ್ದಿನಲ್ಲಿ ಮುಳುಗಲಿಲ್ಲ.

ಶ್ರದ್ಧಾಂಜಲಿ ಸಭೆಯಲ್ಲಿ ಅದೇ ಗಿಟಾರಿನವನು ಮೈಕ್ ಹಿಡಿದು, "ಮಾಮಾನ ಕೈ ಅಂದ್ರ ಮಶೀನ್ ಇದ್ದಂಗ್ರಿ, ಏನ್ ಸ್ಪೀಡ್!" ಎಂದ. ಜನ ತಲೆಯಾಡಿಸಿದರು. ಅಷ್ಟು ವರ್ಷ ಪಕ್ಕದಲ್ಲೇ ನಿಂತವನಿಗೆ ಕಂಡದ್ದು ಅಷ್ಟೇ.

ಈಗ ಅವನೇ ಮಾಮಾನ ಜಾಗಕ್ಕೆ ಒಬ್ಬನನ್ನು ಕರೆತಂದಿದ್ದಾನೆ. ಬಂದವನು ಸ್ಟಿಕ್ಕುಗಳನ್ನು ಗಾಳಿಗೆ ಎಸೆದು ಹಿಡಿಯುತ್ತಾನೆ. ಯಾರಾದರೂ ಮೊಬೈಲ್ ಎತ್ತಿದರೆ ಆ ಕಡೆಗೇ ಮುಖ ತಿರುಗಿಸುತ್ತಾನೆ. ನಾನು ಬಾಯಿ ತೆರೆದ ಕೂಡಲೇ ಇನ್ನಷ್ಟು ಜೋರಾಗಿ ಬಡಿಯುತ್ತಾನೆ. ಕೈ ಬಹಳ ಚುರುಕು ಎಂದು ಎಲ್ಲರೂ ಹೊಗಳುತ್ತಾರೆ.

ನಮ್ಮ ಬ್ಯಾಂಡಿಗೆ ಇನ್ನೂ ಡ್ರಮ್ಮರ್ ಸಿಕ್ಕಿಲ್ಲ.