ತುಂಡುಗೆರೆಯ ಗೋಡೆ

ಹಸ್ಕೊವೊ ಊರಿನ ಅರ್ಧಕ್ಕರ್ಧ ಹೆಂಗಸರು ಇವತ್ತಿಗೂ ಮೊಣಕೈಯನ್ನು ಗೋಡೆಗೆ ಬಡಿಸಿಕೊಳ್ಳುತ್ತ ಅಡುಗೆ ಮಾಡುತ್ತಿದ್ದರೆ ಅದು ಗಿನ್ಕಾ ದೋನೆವಾಳ ಕೃಪೆ. ಸರ್ಕಾರಿ ವಿನ್ಯಾಸ ಕಚೇರಿಯಲ್ಲಿ ಮೂವತ್ತೆರಡು ವರ್ಷ ಕೂತು ಅವಳು ನಕ್ಷೆ ಬರೆದಳು. ಕಾಂಕ್ರೀಟು ಹಲಗೆಗಳನ್ನು ಜೋಡಿಸಿ ಎಬ್ಬಿಸುವ ಐದಂತಸ್ತಿನ ಕಟ್ಟಡಗಳಲ್ಲಿ ಅವಳ ಪಾಲಿಗೆ ಬಂದದ್ದು ಅಡುಗೆಮನೆ. ಮೇಲಿನವರು ಹತ್ತು ಸೆಂಟಿಮೀಟರ್ ಕಡಿಮೆ ಮಾಡು ಎಂದರೆ ಮಾಡಿದಳು. ಎರಡು ವರ್ಷ ಬಿಟ್ಟು ಇನ್ನೂ ಹತ್ತು ಎಂದರು, ಅದನ್ನೂ ಮಾಡಿದಳು. ಕೊನೆಗೆ ದಪ್ಪಮೆಣಸಿನಕಾಯಿ ಸುಡುವ ಕಾಲದಲ್ಲಿ ಒಲೆಯ ಮುಂದೆ ಒಬ್ಬಳು ನಿಂತರೆ ಇನ್ನೊಬ್ಬಳು ಹೊರಗೆ ಹೋಗಬೇಕು, ಅಷ್ಟು ಜಾಗ ಉಳಿಯಿತು. ಆದರೆ ಅವಳ ಕೈಯ ಗೆರೆಗೆ ಇಡೀ ಕಚೇರಿಯಲ್ಲಿ ಸಾಟಿಯಿರಲಿಲ್ಲ. ತಪ್ಪಿದ ಶಾಯಿಯನ್ನು ಬ್ಲೇಡಿನಿಂದ ಅವಳು ಕೆರೆದರೆ ಅಲ್ಲಿ ಗೆರೆಯಿತ್ತೆಂದು ಕಾಗದಕ್ಕೂ ನೆನಪಿರುತ್ತಿರಲಿಲ್ಲ. ನಕ್ಷೆ ಸುಳ್ಳು ಹೇಳಬಾರದು, ಮುಂದೆ ಆಗುವುದನ್ನೆಲ್ಲ ಈಗಲೇ ತೋರಿಸಬೇಕು ಎನ್ನುವುದು ಅವಳ ಹಟ.

ತಾನು ಬರೆದ ಅಂಥದ್ದೇ ಒಂದು ಫ್ಲಾಟು ಅವಳಿಗೂ ಸಿಕ್ಕಿತು. ನಾಲ್ಕನೆಯ ಮಹಡಿ, ಎರಡು ಕೋಣೆ, ಒಂದು ಅಡುಗೆಮನೆ. ಒಂದರಲ್ಲಿ ಗಂಡ ದಿಮೊ ಮತ್ತು ಅವಳು, ಇನ್ನೊಂದರಲ್ಲಿ ಮಗ ಪ್ಲಾಮೆನ್. ಮಾವ ತೀರಿಕೊಂಡ ಚಳಿಗಾಲದಲ್ಲಿ ಅತ್ತೆ ನೇದಾ ಹಳ್ಳಿಯಿಂದ ಎರಡು ಗಂಟು ಹೊತ್ತು ಬಂದಳು. ಗಿನ್ಕಾ ಆಗ ಎಲ್ಲರೂ ಮಾಡುತ್ತಿದ್ದುದನ್ನೇ ಮಾಡಿದಳು. ಬಾಲ್ಕನಿಗೆ ಗಾಜು ಹಾಕಿಸಿ ಒಲೆಯನ್ನು ಅಲ್ಲಿಗೆ ಸಾಗಿಸಿದಳು, ಖಾಲಿಯಾದ ಅಡುಗೆಮನೆಯಲ್ಲಿ ಅತ್ತೆಗೆ ಮಂಚ ಹಾಕಿದಳು. ಮಂಚ ಬಂದ ಮೇಲೆ ಬಾಗಿಲು ತೆರೆಯದಾಯಿತು, ಬಾಗಿಲನ್ನೇ ಕಳಚಿ ನೆಲಮಾಳಿಗೆಗೆ ಒಯ್ದಿಟ್ಟರು. ಒಲೆಗೆ ಹೋಗುವವರೆಲ್ಲ ನೇದಾಳ ಕಾಲಬುಡದಿಂದಲೇ ಹೋಗಬೇಕು. ಪಾಪದ ಮುದುಕಿ ಉಡುಪು ಬದಲಾಯಿಸಲು ಬಚ್ಚಲಿಗೆ ಹೋಗುತ್ತಿದ್ದಳು.

ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ ಸಲ.

"ಗಿನ್ಕಾ, ಒಂದು ಬಾಗಿಲು ಹಾಕ್ಸೋಕಾಗುತ್ತೇನಮ್ಮ?"

"ಎಲ್ಲಿಂದ ತರ್ಲಿ ಅತ್ತೆ ಜಾಗ? ಮಂಚ ಬೇಕೋ ಬಾಗಿಲು ಬೇಕೋ, ನೀವೇ ಹೇಳಿ."

ನೇದಾ ಮಂಚ ಎಂದಳು. ಗಿನ್ಕಾ ಒಂದು ಹೂವಿನ ಪರದೆ ತೂಗುಹಾಕಿದಳು. ಹನ್ನೊಂದು ವರ್ಷ ಆ ಪರದೆಯ ಹಿಂದೆ ಬದುಕಿ ಅದರ ಹಿಂದೆಯೇ ನೇದಾ ಕಣ್ಣುಮುಚ್ಚಿದಳು. ಸತ್ತವರ ಭಾವಚಿತ್ರ ಹಾಕಿ ಚೀಟಿ ಅಚ್ಚುಮಾಡಿಸಿ ಮನೆಬಾಗಿಲಿಗೆ ಅಂಟಿಸುವುದು ನಮ್ಮ ಪದ್ಧತಿಯಲ್ಲವೆ, ಹಾಗೆ ಕಟ್ಟಡದ ಮುಂಬಾಗಿಲಿಗೆ ಅವಳ ಚೀಟಿಯನ್ನೂ ಅಂಟಿಸಿದರು. ಅಂತೂ ಒಂದು ಬಾಗಿಲು ಅವಳ ಹೆಸರಿಗೆ ಬಂತು. ಮಳೆ ಬಂದು ಚೀಟಿ ಕಿತ್ತುಹೋಗುವವರೆಗೆ ಅದು ಅಲ್ಲೇ ಇತ್ತು.

ಈಗ ಗಿನ್ಕಾಳಿಗೆ ಎಪ್ಪತ್ತೆರಡು. ದಿಮೊ ಇಲ್ಲ. ನಾಲ್ಕು ಮಹಡಿ ಹತ್ತಲು ಮೊಣಕಾಲು ಒಪ್ಪುವುದಿಲ್ಲ. ಮಗ ಪ್ಲಾಮೆನ್, ಸೊಸೆ ಸಿಲ್ವಿಯಾ ಬಾಡಿಗೆಮನೆಯಲ್ಲಿದ್ದಾರೆ. ಮೊಮ್ಮಗಳು ರಾದಿನಾ ಆರು ತಿಂಗಳ ಬಸುರಿ, ವೃತ್ತಿಯಿಂದ ವಾಸ್ತುಶಿಲ್ಪಿ. ಎಂಟನೆಯ ವಯಸ್ಸಿಗೇ ಅವಳ ಕೈಗೆ ಸ್ಕೇಲು ಕೊಟ್ಟು ಗೆರೆ ಎಳೆಯಲು ಕಲಿಸಿದವಳು ಗಿನ್ಕಾ. ಎಲ್ಲರೂ ಸೇರಿ ತೀರ್ಮಾನಿಸಿದ್ದು ಹೀಗೆ: ಗಿನ್ಕಾಳ ಫ್ಲಾಟು ಮಾರುವುದು, ಊರಾಚೆ ಅವಳ ತಂದೆಯ ಹಳೆಯ ದ್ರಾಕ್ಷಿತೋಟದಲ್ಲಿ ನಾಲ್ಕು ತಲೆಮಾರಿಗೆ ಒಂದು ಪುಟ್ಟ ಮನೆ ಕಟ್ಟುವುದು. ನಕ್ಷೆ ರಾದಿನಾಳದು. ಗಿನ್ಕಾ ಕೇಳಿದ್ದು ಒಂದೇ: ತನಗೆಂದು ಒಂದು ಕೋಣೆ, ಅದಕ್ಕೊಂದು ಬಾಗಿಲು.

ಒಂದು ಭಾನುವಾರ ಮಧ್ಯಾಹ್ನ ರಾದಿನಾ ನಕ್ಷೆ ತಂದಳು. ನೇದಾಳ ಮಂಚವಿದ್ದ ಜಾಗದಲ್ಲಿ ಈಗಿರುವ ಊಟದ ಮೇಜಿನ ಮೇಲೆ ಅದನ್ನು ಹಾಸಿ, ಒಂದು ಮೂಲೆಗೆ ರಾಕಿಯಾ ಸಾರಾಯಿಯ ಬಾಟಲಿ, ಇನ್ನೊಂದಕ್ಕೆ ಉಪ್ಪಿನ ಡಬ್ಬಿ ಇಟ್ಟರು.

"ನೋಡಿ, ಓಡಾಡೋಕೆ ಅಂತ ಒಂದಡಿ ಜಾಗ ಹಾಳು ಮಾಡಿಲ್ಲ," ಎಂದಳು ರಾದಿನಾ. "ಮಧ್ಯೆ ಒಂದೇ ದೊಡ್ಡ ಕೋಣೆ, ಒಲೆ, ಉದ್ದನೆ ಮೇಜು. ಸಾಮಾನೆಲ್ಲ ಗೋಡೆ ಕಪಾಟಿಗೆ. ಮಲಗೋ ಕೋಣೆಗಳು ಸುತ್ತಲೂ."

"ಅಡುಗೆಮನೆ ನಿಮ್ಮಜ್ಜಿ ಬರೆದಿಲ್ಲ ತಾನೇ?" ಎಂದ ಪ್ಲಾಮೆನ್. "ಬರೆದಿದ್ರೆ ನಾನು ಅಡ್ಡ ತಿರುಗಿ ಒಳಗೆ ಹೋಗ್ಬೇಕಾಗುತ್ತೆ."

"ಹೊಟ್ಟೆ ಬಂದಿರೋದು ನಿಂಗೆ, ಅಡುಗೆಮನೇನ ಯಾಕೋ ಬೈತೀಯ?" ಎಂದಳು ಗಿನ್ಕಾ. ಎಲ್ಲರೂ ನಕ್ಕರು.

"ಅತ್ತೆ, ನಿಮ್ಮ ಕೋಣೆ ನೋಡಿ," ಸಿಲ್ವಿಯಾ ಬೆರಳಿಟ್ಟು ತೋರಿಸಿದಳು. "ಪೂರ್ವಕ್ಕೆ ಕಿಟಕಿ. ನಿಮ್ಮಪ್ಪ ನೆಟ್ಟ ಆಕ್ರೋಟು ಮರ ಕಾಣುತ್ತೆ."

ಗಿನ್ಕಾ ಮೊದಲು ನೋಡಿದ್ದು ಬಾಗಿಲು. ಇತ್ತು. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆಮೇಲೆ ಕನ್ನಡಕ ಹಾಕಿಕೊಂಡಳು.

ಗಟ್ಟಿ ಗೆರೆ ಎಂದರೆ ನಿಲ್ಲುವ ಗೋಡೆ, ತುಂಡು ತುಂಡು ಗೆರೆ ಎಂದರೆ ಮುಂದೆ ತೆಗೆಯುವ ಗೋಡೆ. ಆ ಮೇಜಿನ ಸುತ್ತ ಇದು ಗೊತ್ತಿದ್ದವರು ಇಬ್ಬರೇ. ಉಳಿದೆಲ್ಲ ಕೋಣೆಗಳ ಗೆರೆ ಗಟ್ಟಿಯಾಗಿತ್ತು. ಅವಳ ಕೋಣೆಯ ಒಳಗೋಡೆಗಳೆರಡೂ ತುಂಡುಗೆರೆ, ತೆಳುಹಲಗೆಯವು. ಕೆಳಗೆ ಸಣ್ಣ ಅಕ್ಷರದಲ್ಲಿ ಹೀಗಿತ್ತು: ಎರಡನೆಯ ಹಂತ, ಮಕ್ಕಳ ಆಟ ಮತ್ತು ಓದಿಗೆ.

"ಏನಮ್ಮಾ, ಇಷ್ಟೊತ್ತು ನೋಡ್ತೀಯ? ತಪ್ಪು ಸಿಗ್ತಾ?" ಎಂದ ಪ್ಲಾಮೆನ್.

"ಇಲ್ಲಪ್ಪ. ತಪ್ಪೇನೂ ಇಲ್ಲ."

ಊಟವಾದ ಮೇಲೆ ಗಾಜಿನ ಬಾಲ್ಕನಿಯಲ್ಲಿ ಅಜ್ಜಿ ತಟ್ಟೆ ತೊಳೆದಳು, ಮೊಮ್ಮಗಳು ಒರೆಸಿದಳು.

"ಎರಡನೇ ಹಂತ ಯಾವಾಗ ಬರುತ್ತೆ ಪುಟ್ಟಿ?"

ರಾದಿನಾಳ ಕೈ ನಿಂತಿತು. "ಅಜ್ಜಿ, ಅದು... ಎಷ್ಟೋ ವರ್ಷ ಆದ್ಮೇಲೆ."

"ನಾನು ಸತ್ಮೇಲೆ ಅನ್ನು."

"ನೀನೇ ಹೇಳಿಕೊಟ್ಟಿದ್ದಲ್ವಾ, ಆಗೋದನ್ನೆಲ್ಲ ತೋರಿಸ್ಬೇಕು, ಮುಚ್ಚಿಡಬಾರ್ದು ಅಂತ? ಚಿಕ್ಕ ಮನೆ ಅಜ್ಜಿ. ಒಬ್ಬೊಬ್ರ ಜಾಗ ಇನ್ನೊಬ್ರಿಗೆ ಬರಲೇಬೇಕು."

"ಇಟ್ಟಿಗೆ ಗೋಡೆ ಹಾಕೋಕಾಗಲ್ವಾ?"

"ಹಾಕಬಹುದು. ಆಮೇಲೆ ಒಡೆಯೋಕೆ ಕಷ್ಟ."

ಗಿನ್ಕಾ ಕೊನೆಯ ತಟ್ಟೆ ತೊಳೆದು ನಲ್ಲಿ ನಿಲ್ಲಿಸಿದಳು. ನಕ್ಷೆ ಚೆನ್ನಾಗಿದೆ ಎನ್ನುವುದೇ ಅವಳ ಹೊಟ್ಟೆ ಉರಿಸಿದ್ದು. ಯಾವ ಕಚೇರಿಯಲ್ಲಿ ಯಾವ ಹುಡುಗಿ ತಂದುಕೊಟ್ಟಿದ್ದರೂ ಮೆಚ್ಚಿ ಸಹಿ ಹಾಕುತ್ತಿದ್ದಳು. ತನ್ನ ಸಾವಿಗೂ ಅಳತೆ ಹಾಕಿ ಜಾಗ ಉಳಿಸಿದ್ದಾರೆ, ಅದೂ ತಾನು ಕಲಿಸಿದ ಕೈಯಿಂದ. ಬೇರೆಯವರ ಮಗುವಾಗಿದ್ದರೆ ಬಾಯಿಗೆ ಬಂದಂತೆ ಬೈಯಬಹುದಿತ್ತು.

ಆ ವಾರವೆಲ್ಲ ಅವಳು ಮುಖ ಗಂಟುಹಾಕಿಕೊಂಡಿದ್ದಳು. ಸಿಲ್ವಿಯಾ ಫೋನು ಮಾಡಿದರೆ ತಲೆನೋವು ಎಂದಳು. ಬುಧವಾರ ಮೇಜಿನ ಮುಂದೆ ಸುಮ್ಮನೆ ಕೂತವಳಿಗೆ, ಇದೇ ಜಾಗದಲ್ಲಿ ನೇದಾಳ ತಲೆದಿಂಬಿತ್ತು ಎಂದು ನೆನಪಾಯಿತು. ಪೆನ್ಸಿಲು ತೆಗೆದುಕೊಂಡು ಹಳೆಯ ಕ್ಯಾಲೆಂಡರಿನ ಹಿಂದೆ ಆ ಅಡುಗೆಮನೆ ಬರೆದಳು. ಮಂಚ ಬರೆದಳು. ಬಾಗಿಲು ಒಳಗೆ ತೆರೆದುಕೊಳ್ಳುವ ದಾರಿಯನ್ನು ಬಾಗುಗೆರೆಯಾಗಿ ಬರೆದಳು, ಅದು ಮಂಚಕ್ಕೆ ಬಡಿಯಿತು. ಅಡುಗೆಮನೆಯ ಬಾಗಿಲು ಒಳಕ್ಕೇ ತೆರೆಯಬೇಕೆಂದು ಕಚೇರಿಯ ಮಾದರಿ ನಕ್ಷೆಯಲ್ಲಿತ್ತು, ಮೂವತ್ತೆರಡು ವರ್ಷ ಅವಳು ಬೇರೆ ಥರ ಬರೆದೇ ಇರಲಿಲ್ಲ. ಈಗ ಅಳಿಸಿ ಹೊರಕ್ಕೆ ತೆರೆಯುವಂತೆ ಬರೆದು ನೋಡಿದಳು.

ಸರಿಯಾಗಿ ಕೂತಿತು. ಅಡುಗೆಮನೆಯ ಹೊರಗೆ ಓಡಾಡುವ ಜಾಗದಲ್ಲಿ ಕೋಟು ತೂಗುವ ಗೂಟಗಳನ್ನು ಒಂದು ಗೇಣು ಆಚೆ ಸರಿಸಿದ್ದರೆ ಸಾಕಿತ್ತು.

ಗಿನ್ಕಾ ಎದ್ದುಹೋಗಿ ಟೇಪು ತಂದು ಅಳೆದಳು. ಮತ್ತೊಮ್ಮೆ ಅಳೆದಳು. ಊರಿಗೆಲ್ಲ ಬಾಗಿಲು ಬರೆದುಕೊಟ್ಟವಳಿಗೆ ಹನ್ನೊಂದು ವರ್ಷ ಇದು ಹೊಳೆಯಲಿಲ್ಲವೆಂದರೆ ಅದು ಮರೆವಲ್ಲ, ನೇದಾಳಿಗಾಗಿ ಪೆನ್ಸಿಲು ಹಿಡಿಯುವ ಮನಸ್ಸೇ ಇರಲಿಲ್ಲ. ಮುದುಕಿ ಇವತ್ತಲ್ಲ ನಾಳೆ ಹೋಗುತ್ತಾಳೆ, ಅಷ್ಟಕ್ಕೆಲ್ಲ ಯಾಕೆ ಎಂದುಕೊಂಡಿದ್ದಳು. ಅವಳಿಗೆ ನಾಚಿಕೆಯಾಯಿತು, ಅಳು ಬಂತು, ಮತ್ತು ಕ್ಷಮೆ ಕೇಳಲು ಎದುರಿಗೆ ಯಾರೂ ಇರಲಿಲ್ಲ.

ಮರುಭಾನುವಾರ ಎಲ್ಲರೂ ಬಂದರು. ಜಾಗ ಗಿನ್ಕಾಳ ಹೆಸರಿನಲ್ಲಿದ್ದುದರಿಂದ ನಕ್ಷೆಗೆ ಅವಳ ಸಹಿ ಬೇಕಿತ್ತು. ರಾದಿನಾ ಹೊಸ ಹಾಳೆ ಹಾಸಿದಳು. ಗಿನ್ಕಾಳ ಕೋಣೆಯ ಗೋಡೆಗಳಿಗೆ ಗಟ್ಟಿ ಗೆರೆ ಬಂದಿತ್ತು. ಎರಡನೆಯ ಹಂತದ ಮಾತು ಮಾಯವಾಗಿತ್ತು.

"ಸಮಾಧಾನ ಆಯ್ತಾ ಅತ್ತೆ?" ಎಂದಳು ಸಿಲ್ವಿಯಾ. "ನಿಮಗೋಸ್ಕರ ಪಾಪ ರಾತ್ರಿಯೆಲ್ಲ ಕೂತು ಬದಲಾಯಿಸಿದ್ದಾಳೆ."

ಗಿನ್ಕಾ ಸ್ಕೇಲು ಇಟ್ಟು ಅಳೆದಳು. ಗೋಡೆಯ ದಪ್ಪ ಮೊದಲಿನಷ್ಟೇ ಇತ್ತು, ಇಟ್ಟಿಗೆಯಲ್ಲ, ಅದೇ ತೆಳುಹಲಗೆ. ಬದಲಾದದ್ದು ಗೆರೆ ಮಾತ್ರ. ತಲೆಯೆತ್ತಿದಾಗ ರಾದಿನಾ ಕಿಟಕಿಯ ಕಡೆ ನೋಡುತ್ತಿದ್ದಳು. ಸುಳ್ಳುಗೆರೆ ಎಳೆಯಲು ಈ ಮಗುವಿಗೆ ಯಾರೂ ಕಲಿಸಿರಲಿಲ್ಲ. ಮುಖ ಗಂಟುಹಾಕಿಕೊಂಡು ಒಂದು ವಾರ ಕೂತ ತಾನೇ ಕಲಿಸಿದೆ ಎಂದು ಗಿನ್ಕಾಳಿಗೆ ಅನ್ನಿಸಿತು.

ಎದ್ದುಹೋಗಿ ಹೊಲಿಗೆ ಡಬ್ಬಿಯಿಂದ ಹಳೆಯ ಬ್ಲೇಡು ತಂದಳು.

"ಅಮ್ಮಾ, ಏನ್ಮಾಡ್ತಿದ್ದೀಯ?" ಪ್ಲಾಮೆನ್ ಗಾಬರಿಯಾದ.

ಅವಳು ಗಟ್ಟಿ ಗೆರೆಯನ್ನು ಅಲ್ಲಲ್ಲಿ ಕೆರೆದಳು. ಒಂದು ತುಂಡು ಬಿಟ್ಟು ಒಂದು ತುಂಡು, ಎರಡು ಗೋಡೆಯಲ್ಲೂ. ಪುಡಿಯನ್ನು ಊದಿ ಸಹಿ ಹಾಕಿದಳು.

"ಅಜ್ಜಿ, ಯಾಕಜ್ಜಿ?" ರಾದಿನಾ ಅಳುತ್ತಿದ್ದಳು.

"ಮೊದ್ಲು ಬರೆದಿದ್ದೇ ಸರಿಯಾಗಿತ್ತು ಪುಟ್ಟಿ. ನೀನು ಆಗೋದನ್ನ ನಂಗೆ ತೋರಿಸಿ ಮಾಡ್ದೆ. ನಾನು ನಮ್ಮತ್ತೆ ನೇದಾಗೆ ಅಷ್ಟೂ ಮಾಡ್ಲಿಲ್ಲ."

ಪೆನ್ನಿನ ಮುಚ್ಚಳ ಹಾಕಿ, ಹಾಳೆಯನ್ನು ಮೊಮ್ಮಗಳ ಕಡೆ ಸರಿಸಿದಳು.

"ಒಂದೇ ಒಂದು ಬದಲಾಯಿಸು. ನನ್ನ ಕೋಣೆ ಬಾಗಿಲು ಹೊರಗಡೆ ತೆರೆಯೋ ಹಾಗಿಡು. ಮಂಚಕ್ಕೆ ತಾಗಲ್ಲ."