ಫುಮಿಕೊ ಆಂಟಿಯ ಜಪಾನ್
ಅಮೆರಿಕದ ಮಾರಿಸ್‌ವಿಲ್ಲಿನ ಕನ್ನಡಿಗರಿಗೆ ಜಪಾನ್ ಎಂದರೆ ತ್ಯಾಗರಾಜರ ಹೆಂಡತಿ ಫುಮಿಕೊ ಆಂಟಿ. ಮೈಸೂರಿನ ಅತ್ತೆಯಿಂದ ಕಲಿತ ಕನ್ನಡದಲ್ಲಿ ಅವರು ಕೇಳಿದವರಿಗೂ ಕೇಳದವರಿಗೂ ತಮ್ಮ ದೇಶವನ್ನು ಬಿಡಿಸಿ ಹೇಳುತ್ತಾರೆ. ಬಾಗಿ ನಮಸ್ಕರಿಸುವುದರಲ್ಲಿ ಎಷ್ಟು ಬಗೆಯಿದೆಯೆಂದು ದೇವಸ್ಥಾನದ ಪಾರ್ಕಿಂಗ್‌ನಲ್ಲೇ ಬಾಗಿ ತೋರಿಸುತ್ತಾರೆ. ಹಿಂದಿನ ಕಾರಿನವರು ಹಾರ್ನ್ ಹೊಡೆದರೆ ಅವರಿಗೂ ಒಮ್ಮೆ ಬಾಗುತ್ತಾರೆ. "ಅಲ್ಲಿ ಬರೀ ಹಸಿ ಮೀನು ತಿಂತಾರಾ ಆಂಟಿ?" ಎಂದು ಯಾರಾದರೂ ಕೇಳಿಬಿಟ್ಟರೆ, "ಇಲ್ಲಪ್ಪಾ, ನಮ್ಮಲ್ಲೂ ಅನ್ನ, ಸಾರು ಇದೆ" ಎಂದು ಶುರುವಾದ ಮಾತು ಮುಗಿಯುವಷ್ಟರಲ್ಲಿ ಕೇಳಿದವರ ಕಾಫಿ ಆರಿಹೋಗಿರುತ್ತದೆ. ಮೊನ್ನೆ ಪಕ್ಕದ ಮನೆಯ ಶ್ರಾವಣಿಗೂ ಅವಳ ಗಂಡನಿಗೂ ಚಾಪ್‌ಸ್ಟಿಕ್ ಕಡ್ಡಿ ಹಿಡಿದು ಉಣ್ಣುವುದನ್ನು ಕಲಿಸುತ್ತಿದ್ದರು. ಶ್ರಾವಣಿ ತನ್ನ ಕಡ್ಡಿಯಲ್ಲಿದ್ದ ಪನೀರ್ ತುಂಡನ್ನು ಗಂಡನ ಕಡ್ಡಿಗೆ ದಾಟಿಸಲು ಹೋದಾಗ ಆಂಟಿ ಮೆಲ್ಲಗೆ ಅವಳ ಕೈ ತಡೆದರು. "ಹಾಗೆ ಮಾಡ್ಬಾರದು ಕಣಮ್ಮಾ. ನಮ್ಮಲ್ಲಿ ದಹನ ಆದ್ಮೇಲೆ ಮನೆಯವರು ಮೂಳೆನ ಹೀಗೇ ಕಡ್ಡಿಯಿಂದ ಕಡ್ಡಿಗೆ ಕೊಟ್ಟು ಮಡಕೆಗೆ ಹಾಕ್ತಾರೆ." "ಸಾರಿ ಆಂಟಿ, ಗೊತ್ತಿರ್ಲಿಲ್ಲ. ನಿಮ್ಮಮ್ಮಂಗೆ ನೀವೂ ಮಾಡಿದ್ರಾ?" ಪ್ರಶ್ನೆ ಬಂದರೆ ಸಾಕು ಹಿಗ್ಗುವ ಆಂಟಿ ಈ ಸಲ ತಮ್ಮ ಕಡ್ಡಿಗಳನ್ನು ತಟ್ಟೆಯ ಪಕ್ಕಕ್ಕಿಟ್ಟರು. ಕೋವಿಡ್‌ನ ಎರಡನೆಯ ವರ್ಷ ತಾಯಿ ತೀರಿಕೊಂಡಾಗ ಅವರು ಜಪಾನ್ ತನಕ ಹೋಗಿದ್ದರು; ಕ್ವಾರಂಟೈನ್ ಮುಗಿಯುವವರೆಗೆ ಹೊರಗೆ ಬಿಡಲಿಲ್ಲ. "ಏರ್‌ಪೋರ್ಟ್ ಹತ್ರ ಹೋಟೆಲ್ ರೂಮಲ್ಲಿದ್ದೆ. ಫೋನಲ್ಲಿ ನೋಡ್ದೆ. ಮೂಳೆ ದಾಟಿಸೋಕೆ ಇಬ್ಬರು ಬೇಕು. ನನ್ ತಮ್ಮ ಒಬ್ನೇ ಮಾಡಿದ" ಎಂದರು. ಆಮೇಲೆ ಶ್ರಾವಣಿಯ ಬೆರಳುಗಳನ್ನು ಕಡ್ಡಿಯ ಮೇಲೆ ಮತ್ತೆ ಸರಿಯಾಗಿ ಕೂರಿಸಿ, ಬಹಳ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದರು.